ಎಲ್ಲರಿಗೂ ಆರು ಕೊಟ್ಟ ಡ್ರಾಯಿಂಗ್ ಮಾಸ್ತರರು

ನಮ್ಮ ಡ್ರಾಯಿಂಗ್ ಮಾಸ್ತರರು ತೀರಿಕೊಂಡ ಹದಿನೈದು ದಿನಕ್ಕೆ ಧಾರವಾಡದಲ್ಲಿ ಒಂದು ಶ್ರದ್ಧಾಂಜಲಿ ಸಭೆ ನಡೆಯಿತು. ವೇದಿಕೆಯ ಹಿಂದೆ ಕಟ್ಟಿದ್ದ ಫ್ಲೆಕ್ಸಿನಲ್ಲಿ ಅವರ ಹಣೆಯ ಮೇಲೆ ಮೂರು ಗೆರೆ ವಿಭೂತಿ ಇತ್ತು. ಬದುಕಿದ್ದಾಗ ಆ ಹಣೆಯ ಮೇಲೆ ನಾನು ಕಂಡದ್ದು ಒಂದೋ ಬೆವರು, ಇಲ್ಲವೇ ನೀಲಿ ಕ್ರೇಯಾನು. ಫ್ಲೆಕ್ಸ್ ಅಂಗಡಿಯವನು ಸತ್ತವರಿಗೆಲ್ಲ ಕೇಳದೆಯೇ ವಿಭೂತಿ ಹಚ್ಚಿಬಿಡುತ್ತಾನಂತೆ. ಮೊದಲು ಮಾತಾಡಿದ ಟ್ರಸ್ಟಿನ ಅಧ್ಯಕ್ಷರು ಅವರನ್ನು ‘ಕಲಾಋಷಿ’ ಎಂದರು. ಎರಡನೆಯವರು ‘ಬಣ್ಣಗಳ ವೈದ್ಯ’ ಎಂದರು. ಮೂರನೆಯವರು ಅವರನ್ನು ಒಮ್ಮೆಯೂ ಕಂಡವರಲ್ಲ, ಆದ್ದರಿಂದ ಸಲೀಸಾಗಿ ಕಣ್ಣೀರು ಹಾಕಿದರು. ಹಿಂದಿನ ಸಾಲಿನಲ್ಲಿ ಕೂತಿದ್ದ ನನಗೆ ಯಾರೂ ಮೈಕು ಕೊಡಲಿಲ್ಲ. ಕೊಡದಿದ್ದದ್ದು ಒಳ್ಳೆಯದೇ ಆಯಿತು. ಕೊಟ್ಟಿದ್ದರೆ, ಇವರು ದೊಡ್ಡ ಸುಳ್ಳುಗಾರರಾಗಿದ್ದರು ಎಂದು ನಾನು ಶುರು ಮಾಡುತ್ತಿದ್ದೆ.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ತಮ್ಮ ಕ್ಲಾಸಿನಲ್ಲಿ ಅವರು ಯಾರಿಗೂ ಹಾಳೆಯ ಮೇಲೆ ಹೆಸರು ಬರೆಯಗೊಡುತ್ತಿರಲಿಲ್ಲ. “ಹೆಸರು ಬರದ್ರ, ಮಂದಿ ನೋಡ್ತಾರ ಅನ್ನೋದು ತಲ್ಯಾಗ ಬರತೈತ್ರಿ. ಆಮ್ಯಾಲೆ ಕೈ ಶಿಸ್ತ ಮಾಡಾಕ ಹತ್ತತೈತಿ,” ಎನ್ನುತ್ತಿದ್ದರು. ಗಿಡ್ಡ ಆಳು. ಬಿಳಿ ಅಂಗಿಯ ಜೇಬಿನಲ್ಲಿ ಪೆನ್ನಿನ ಬದಲು ಮುರಿದ ಕ್ರೇಯಾನಿನ ತುಣುಕುಗಳು. ಬಿಸಿಲಿಗೆ ಅವು ಕರಗಿ ಎದೆಯ ಮೇಲೆ ಕಲೆಯಾಗಿ, ಅಂಗಿಯ ಉಳಿದ ಭಾಗದ ಬಿಳುಪಿಗೆ ಅರ್ಥವೇ ಇರುತ್ತಿರಲಿಲ್ಲ. ಹುಬ್ಬಳ್ಳಿಯ ಒಂದು ಹೈಸ್ಕೂಲಿನಲ್ಲಿ ಮೂವತ್ತೊಂದು ವರ್ಷ ಡ್ರಾಯಿಂಗ್ ಕಲಿಸಿದವರು. ಕಲಿಸಿದರು ಅನ್ನುವುದು ಮರ್ಯಾದೆಯ ಮಾತು. ಪರೀಕ್ಷೆ ಹತ್ತಿರ ಬಂದರೆ ಗಣಿತದವರು, ವಾರ್ಷಿಕೋತ್ಸವದ ಗ್ಯಾದರಿಂಗು ಹತ್ತಿರ ಬಂದರೆ ಉಳಿದವರು ಕಸಿದುಕೊಳ್ಳುವ ಪಿರಿಯಡ್ಡು ಅವರದು. ನಿವೃತ್ತಿಯಾದ ಮೇಲೆ ಪ್ರತಿ ಶನಿವಾರ ಚಿಗರಿ ಬಸ್ಸು ಹತ್ತಿ ಧಾರವಾಡಕ್ಕೆ ಬಂದು, ಮನಸ್ಸು ಕೆಟ್ಟ ದೊಡ್ಡವರಿಂದ ಚಿತ್ರ ಬರೆಸುವ ಕೆಲಸ ಹಿಡಿದರು. ಇದಕ್ಕೆ ಕಲಾ ಚಿಕಿತ್ಸೆ ಎಂದು ಹೆಸರು. ಸಪ್ತಾಪುರದ ಒಂದು ದವಾಖಾನೆಯ ಮಹಡಿಯ ಮೇಲಿನ ಕೋಣೆಯಲ್ಲಿ ಒಂದು ಟ್ರಸ್ಟಿನವರು ಅದನ್ನು ನಡೆಸುತ್ತಿದ್ದರು.

ನಾನು ಅಲ್ಲಿಗೆ ನನ್ನ ಖುಷಿಯಿಂದ ಹೋದವನಲ್ಲ. ಟ್ರಸ್ಟಿನವರ ಕರಪತ್ರವನ್ನು ನನ್ನ ಮಗಳು ತಂದಿಟ್ಟಳು. ಮೇಲೆ ಸೂರ್ಯಕಾಂತಿ ಹೂವು, ನಗುತ್ತಿರುವ ಒಬ್ಬ ಬಿಳಿಯ ಹೆಂಗಸು, ಕೆಳಗೆ ‘ನಿಮ್ಮೊಳಗಿನ ಬಣ್ಣಗಳನ್ನು ಭೇಟಿಯಾಗಿ’ ಎಂದು ಅಚ್ಚಾಗಿತ್ತು. ನನ್ನೊಳಗೆ ಇದ್ದದ್ದು ಬಿಪಿ ಮತ್ತು ಶುಗರು. ಅವುಗಳನ್ನು ನಾನು ಆಗಲೇ ಭೇಟಿಯಾಗಿದ್ದೆ.

ನಾನು ಮೋಜಣಿದಾರ. ಅಂದರೆ ಹೊಲ ಮನೆ ಅಳೆದು ನಕಾಶೆ ಮಾಡಿಕೊಡುವ ಸರ್ಕಾರಿ ಸರ್ವೇಯರು. ಮುಗದದಿಂದ ಅಮರಗೋಳದವರೆಗೆ ನಾನು ಅಳೆಯದ ಬದು ಕಡಿಮೆ. ಅಣ್ಣತಮ್ಮಂದಿರು ಕುಡುಗೋಲು ಹಿಡಿದು ಎದುರು ಬದುರು ನಿಂತಿರುವಾಗ ನಡುವೆ ಟೇಪು ಹಾಸಿದವನು ನಾನು. ಅವರು ಒಬ್ಬರನ್ನೊಬ್ಬರು ಬೈದರು, ನನ್ನ ಅಪ್ಪನನ್ನೂ ಬೈದರು, ಆದರೆ ನನ್ನ ಅಳತೆ ತಪ್ಪು ಎಂದು ಮೂವತ್ತನಾಲ್ಕು ವರ್ಷದಲ್ಲಿ ಒಬ್ಬನೂ ಅನ್ನಲಿಲ್ಲ. ನಿವೃತ್ತಿಯಾದ ಎರಡನೆಯ ವರ್ಷ ನನ್ನ ಹೆಂಡತಿ ಒಂದು ಮುಂಜಾನೆ ಅಡಿಗೆಮನೆಯಲ್ಲಿ ಕುಸಿದು ಬಿದ್ದು ತೀರಿಹೋದಳು. ದಿನಕರ್ಮಗಳೆಲ್ಲ ಮುಗಿದು ನೆಂಟರು ಹೋದ ಸಂಜೆ ನಾನು ಅಡಿಗೆಮನೆಗೆ ಕೀಲಿ ಹಾಕಿದೆ. ಆಮೇಲೆ ಮೂರು ಹೊತ್ತೂ ಖಾನಾವಳಿ. ಯಾರಾದರೂ ಕೇಳಿದರೆ, ಒಬ್ಬನಿಗಾಗಿ ಯಾಕೆ ಒಲೆ ಹಚ್ಚಬೇಕು ಎಂದು ಹೇಳುತ್ತಿದ್ದೆ. ಉತ್ತರ ಎಷ್ಟು ಚೊಕ್ಕಟವಾಗಿತ್ತೆಂದರೆ ಯಾರೂ ಎರಡನೆಯ ಪ್ರಶ್ನೆ ಕೇಳಲಿಲ್ಲ.

ತೊಂದರೆ ಬಂದದ್ದು ಮಗಳು ಬಸುರಿಯಾದಾಗ. ಅವಳು ಹುಬ್ಬಳ್ಳಿಯಲ್ಲಿ ಗಂಡನ ಮನೆಯಲ್ಲಿದ್ದಾಳೆ. ಐದನೆಯ ತಿಂಗಳಲ್ಲಿ ಫೋನ್ ಮಾಡಿದಳು.

“ಅಪ್ಪಾ, ಚೊಚ್ಚಲ ಬಾಣಂತನ ತವರಮನ್ಯಾಗ ಆಗಬೇಕಲ್ಲ. ಚಿಕ್ಕವ್ವ ಬಂದು ಇರ್ತೇನಿ ಅಂದಾಳ. ನೀ ಅಡಿಗಿಮನಿ ಕೀಲಿ ತಗಿ, ಸಾಕು.”

“ಇಲ್ಲೇನೈತಿ ಯವ್ವಾ. ನಿಮ್ಮತ್ತಿ ಮನಿ ಛಲೋ ಐತಿ, ದೊಡ್ಡದೈತಿ. ಲಿಫ್ಟ್ ಸುದ್ದಾ ಐತಿ.”

“ನಾ ಲಿಫ್ಟಿನ್ಯಾಗ ಹಡೀಲೇನು?”

ನಾಲ್ಕು ಸಲ ಕೇಳಿದಳು. ನಾಲ್ಕು ಸಲವೂ ನಾನು ಅವರ ಮನೆಯ ಸೌಕರ್ಯಗಳನ್ನು ವರ್ಣಿಸಿದೆ. ಆಮೇಲೆ ಅವಳ ಫೋನ್ ನಿಂತಿತು. ಮೂರು ವಾರ ಕಳೆದ ಮೇಲೆ ಒಂದು ದಿನ ತಾನೇ ಬಂದು, ಚಪ್ಪಲಿಯನ್ನೂ ಬಿಡದೆ ಬಾಗಿಲಲ್ಲೇ ನಿಂತು ಆ ಸೂರ್ಯಕಾಂತಿಯ ಕರಪತ್ರವನ್ನು ಕೊಟ್ಟಳು. “ಎಂಟು ಶನಿವಾರ ಹೋಗು. ಹೋಗಿ ಬಂದಮ್ಯಾಲೂ ನೀ ಇಲ್ಲಂದ್ರ ನಾ ಮತ್ತ ಕೇಳಂಗಿಲ್ಲ. ಎಂದೂ ಕೇಳಂಗಿಲ್ಲ.” ಈ ಕೊನೆಯ ಮಾತು ನನಗೆ ತಾಗಿತು. ದವಾಖಾನೆಯ ಫಾರ್ಮನ್ನು ಅವಳೇ ತುಂಬಿದಳು. ‘ಕಾರಣ’ ಎಂದಿದ್ದ ಜಾಗದಲ್ಲಿ ಏನು ಬರೆದಳೋ, ಕೈ ಅಡ್ಡ ಇಟ್ಟುಕೊಂಡಿದ್ದಳು.

ಮೊದಲ ದಿನ ಮಾಸ್ತರರು ನನ್ನ ಫಾರ್ಮನ್ನು ಓದಿ ಮಡಚಿಟ್ಟು, ನಮ್ಮೆದುರು ಹಳೆಯ ಉತ್ತರಪತ್ರಿಕೆಗಳ ಕಟ್ಟು ಇಟ್ಟರು. ಹಿಂಬದಿ ಖಾಲಿ ಇರುವ ಹಾಳೆಗಳು. ಮುಂಬದಿಯಲ್ಲಿ ಯಾವುದೋ ಹುಡುಗ ಅಶೋಕನ ಆಡಳಿತವನ್ನು ಅರ್ಧಕ್ಕೆ ಬಿಟ್ಟಿದ್ದ. “ಎಡಗೈಲೆ ಬರೀರಿ,” ಎಂದರು. ನಾನು ಬಲಗೈಯವನು ಎಂದೆ. “ಅದಕ್ಕ ಹೇಳಿದ್ದು ಸಾಹೇಬ್ರ. ನಿಮ್ಮ ಬಲಗೈ ಮುವ್ವತ್ನಾಕ ವರ್ಷ ಸರ್ಕಾರಿ ನೌಕರಿ ಮಾಡೈತಿ. ಅದರ ಮಾತ ನಂಬಬ್ಯಾಡ್ರಿ.” ನಾನು ಎಡಗೈಯಲ್ಲಿ ಒಂದು ಮಾವಿನಹಣ್ಣು ಬರೆದೆ. ಅದು ನೋಡಿದವರಿಗೆ ಆಲೂಗಡ್ಡೆಯ ಹಾಗೆ ಕಾಣಿಸಿತು. ಮಾಸ್ತರರಿಗೆ ಬಹಳ ಸಂತೋಷವಾಯಿತು.

ಚೆನ್ನಾಗಿ ಬಂದ ಚಿತ್ರವನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ. ಇಂಥ ಡ್ರಾಯಿಂಗ್ ಮಾಸ್ತರರನ್ನು ನಾನು ಬೇರೆಲ್ಲೂ ನೋಡಿಲ್ಲ. ಮಾಳಮಡ್ಡಿಯಿಂದ, ನಾವೆಲ್ಲ ಕಾಕು ಎಂದು ಕರೆಯುತ್ತಿದ್ದ ಹಿರಿಯ ಹೆಂಗಸೊಬ್ಬರು ಬರುತ್ತಿದ್ದರು. ವಾರ ತಪ್ಪದೆ ನವಿಲು ಬರೆಯುತ್ತಿದ್ದರು. ಎಡಗೈಯಲ್ಲೂ ಅವರ ನವಿಲು ಗರಿ ಬಿಚ್ಚಿಕೊಂಡು ನಿಲ್ಲುತ್ತಿತ್ತು. ನಾವೆಲ್ಲ ವಾಹ್ ಅನ್ನುತ್ತಿದ್ದೆವು. ಮಾಸ್ತರರು ಬಂದು ನೋಡಿ, “ಕಾಕೂ, ಭಾಳ ಛಲೋ ಬಂದೈತಿ. ಇದು ನಿಮ್ಮ ಸೆರಗಿನ ಮ್ಯಾಲಿನ ನವಿಲು. ಹರದು ಒಗೀರಿ,” ಎನ್ನುತ್ತಿದ್ದರು. ಕಾಕು ಮುಖ ಸಣ್ಣಗೆ ಮಾಡಿಕೊಂಡು ಹರಿಯುತ್ತಿದ್ದರು. ನಾಲ್ಕನೆಯ ವಾರ ಅವರಿಂದ ಒಂದು ಸೊಟ್ಟ ಕುರ್ಚಿ ಬಂತು. ಮೂರು ಕಾಲು ಒಂದೇ ಕಡೆ ಇದ್ದವು. ಮಾಸ್ತರರು ಅದನ್ನು ಹರಿಯಿರಿ ಎನ್ನಲಿಲ್ಲ. ಕಾಕು ಆ ಕುರ್ಚಿಯನ್ನೇ ಬಹಳ ಹೊತ್ತು ನೋಡಿ, ಮಡಚಿ ಚೀಲದೊಳಗೆ ಇಟ್ಟುಕೊಂಡರು. ಯಾರ ಕುರ್ಚಿ ಎಂದು ಕೇಳಲು ನಾನು ಬಾಯಿ ತೆರೆದೆ. ಮಾಸ್ತರರು ಮೇಜಿನ ಕೆಳಗೆ ನನ್ನ ಕಾಲು ತುಳಿದರು.

ಅವರು ಯಾರನ್ನೂ ಏನನ್ನೂ ಕೇಳುತ್ತಿರಲಿಲ್ಲ. ಮನಸ್ಸಿನ ಚಿಕಿತ್ಸೆ ಎಂದರೆ ಕಣ್ಣಲ್ಲಿ ಕಣ್ಣಿಟ್ಟು ನಿಮ್ಮ ಬಾಲ್ಯ ಹೇಗಿತ್ತು ಎಂದು ಕೇಳುತ್ತಾರೆ ಅಂದುಕೊಂಡು ನಾನು ಒಳ್ಳೆಯದೊಂದು ಬಾಲ್ಯವನ್ನು ತಯಾರು ಮಾಡಿಕೊಂಡು ಹೋಗಿದ್ದೆ. ಅದು ಉಪಯೋಗಕ್ಕೆ ಬರಲಿಲ್ಲ. ಅವರು ಚಿಗರಿ ಬಸ್ಸಿನಲ್ಲಿ ಯಾವ ಸೀಟಿಗೆ ಬಿಸಿಲು ಬೀಳುವುದಿಲ್ಲ, ಮಂಡಕ್ಕಿಯ ಗಿರಮಿಟ್ಟಿಗೆ ಹಸಿ ಉಳ್ಳಾಗಡ್ಡಿ ಎಷ್ಟು ಹಾಕಬೇಕು ಎಂದು ಮಾತಾಡುತ್ತ ನಮ್ಮ ನಡುವೆ ಓಡಾಡುತ್ತಿದ್ದರು.

ಒಮ್ಮೆ ಬೆಂಗಳೂರಿನಿಂದ ಒಬ್ಬರು ಮೇಡಂ ಬಂದು ಬಣ್ಣಗಳ ಅರ್ಥ ಹೇಳಿಕೊಟ್ಟರು. ಕೆಂಪು ಎಂದರೆ ಸಿಟ್ಟು, ನೀಲಿ ಎಂದರೆ ಶಾಂತಿ, ಕಪ್ಪು ಎಂದರೆ ಅದುಮಿಟ್ಟ ದುಃಖ. ನಮ್ಮಲ್ಲಿ ಒಬ್ಬರು ನಿವೃತ್ತ ಪೊಲೀಸ್ ಫೌಜದಾರರಿದ್ದರು. ಅವರ ಹಾಳೆ ಪೂರ್ತಿ ಕಪ್ಪಾಗಿತ್ತು. ಮೇಡಂ ಅವರ ಪಕ್ಕ ಕುಳಿತು ಮೆಲ್ಲಗೆ ಭುಜ ಮುಟ್ಟಿ, ನಿಮ್ಮೊಳಗೆ ಎಷ್ಟು ನೋವಿದೆ ಎಂದರು. ಫೌಜದಾರರು ಗಾಬರಿಯಾಗಿ ಮಾಸ್ತರರ ಮುಖ ನೋಡಿದರು. “ನೋವು ಇರಬಹುದ್ರಿ ಮೇಡಂ,” ಎಂದರು ಮಾಸ್ತರರು, “ಆದ್ರ ಡಬ್ಬ್ಯಾಗ ಮುರೀಲಾರದ್ದು ಕರೇದು ಒಂದ ಉಳದೈತ್ರಿ.” ಮೇಡಂ ಅದನ್ನೂ ಬರೆದುಕೊಂಡರು.

ಟ್ರಸ್ಟಿನವರಿಗೆ ಸುಧಾರಣೆ ಬೇಕಾಗಿತ್ತು. ಅದೂ ಹತ್ತಕ್ಕೆ ಎಷ್ಟು ಎಂದು ಅಂಕಿಯಲ್ಲಿ ಬೇಕಾಗಿತ್ತು. ಮಾಸ್ತರರು ಪ್ರತಿ ವಾರ ಪ್ರತಿಯೊಬ್ಬರಿಗೂ ಆರು ಬರೆಯುತ್ತಿದ್ದರು. ಅಳತೆಯ ಮನುಷ್ಯನಾದ ನನಗೆ ಇದನ್ನು ಸಹಿಸಲಾಗಲಿಲ್ಲ. ಇದು ಸುಳ್ಳು ವರದಿ ಎಂದೆ. “ಖರೇ ಐತ್ರಿ ಸಾಹೇಬ್ರ, ಸುಳ್ಳ. ಆದ್ರ ಹತ್ತು ಕೊಟ್ರ ಆರಾಮಾದ್ರಿ ಅಂತ ಮನಿಗೆ ಕಳಸ್ತಾರ. ಎರಡು ಕೊಟ್ರ ಗುಳಗಿ ಹೆಚ್ಚ ಮಾಡ್ತಾರ. ಆರು ಕೊಟ್ರ ಯಾರೂ ಏನೂ ಕೇಳಂಗಿಲ್ಲ. ಕುಂತು ಬರೀಬಹುದು.” ಶ್ರದ್ಧಾಂಜಲಿ ಸಭೆಯಲ್ಲಿ ಅಧ್ಯಕ್ಷರು ಇದೇ ಆರುಗಳನ್ನು ಕೂಡಿಸಿ ಭಾಗಿಸಿ, ಶೇಕಡಾ ಅರವತ್ತು ಯಶಸ್ಸು ಎಂದು ಓದಿದರು. ಚಪ್ಪಾಳೆ ಬಿತ್ತು.

ಐದನೆಯ ಶನಿವಾರ ಅವರು, “ಇವತ್ತ ಎಲ್ಲಾರೂ ನಿಮ್ಮ ನಿಮ್ಮ ಮನಿ ಬರೀರಿ,” ಎಂದರು. ಉಳಿದವರು ಎಡಗೈಯಲ್ಲಿ ಗುಡ್ಡ, ಸೂರ್ಯ, ತೆಂಗಿನಮರಗಳ ನಡುವೆ ಮನೆ ಕೂರಿಸತೊಡಗಿದರು. ಮನೆ ಎನ್ನುವುದು ನನ್ನ ಇಲಾಖೆಗೆ ಸೇರಿದ ವಿಷಯ. ಇಷ್ಟು ವಾರ ಆಲೂಗಡ್ಡೆ ಬರೆದ ಅವಮಾನವನ್ನು ತೀರಿಸಿಕೊಳ್ಳಲು ನಾನು ಚೀಲದಿಂದ ಸ್ಕೇಲು ತೆಗೆದು, ಬಲಗೈಯಲ್ಲಿ ನಮ್ಮ ಮನೆಯ ನಕಾಶೆ ಹಾಕಿದೆ. ಒಂದು ಇಂಚಿಗೆ ಎಂಟು ಫೂಟು. ಮೇಲೆ ಉತ್ತರ ದಿಕ್ಕಿನ ಬಾಣ, ಬದಿಗೆ ಉದ್ದಗಲ, ಕೆಳಗೆ ನನ್ನ ಸಹಿ. ಹೆಸರು ಬರೆಯಬಾರದೆಂಬ ನಿಯಮವನ್ನೂ ಬೇಕೆಂದೇ ಮುರಿದೆ.

ಮಾಸ್ತರರು ನನ್ನ ಹಿಂದೆ ನಿಂತರು. ಬೈಯುತ್ತಾರೆ ಎಂದು ಕಾದೆ. ಅವರು ಬೆರಳೆಣಿಸುತ್ತಿದ್ದರು.

“ಸಾಹೇಬ್ರ, ಹೊರಗ ಗೋಡಿ ಉದ್ದ ಮುವ್ವತ್ತೆಂಟ ಫೂಟ ಬರದೀರಿ. ಒಳಗ ಪಡಸಾಲಿ ಹದಿನಾರು, ಕೋಲಿ ಹನ್ನೆರಡು. ಕೂಡಿಸಿದ್ರ ಇಪ್ಪತ್ತೆಂಟ ಆಗತೈತಿ. ಉಳದ ಹತ್ತ ಫೂಟ ಎಲ್ಲಿ ಹೋತ್ರಿ?”

ನಾನು ಹಾಳೆ ನೋಡಿದೆ. ಪಡಸಾಲೆ ಮತ್ತು ಕೋಣೆಯ ಗೆರೆಗಳನ್ನು ನಾನು ಎಳೆದೆಳೆದು ಇಡೀ ಮನೆ ತುಂಬಿಸಿಬಿಟ್ಟಿದ್ದೆ. ಅಂಕಿಗಳನ್ನು ಮಾತ್ರ ರೂಢಿಯ ಬಲದಿಂದ ಇದ್ದದ್ದು ಇದ್ದ ಹಾಗೆ ಬರೆದಿದ್ದೆ. ನಕಾಶೆಯಲ್ಲಿ ಅಡಿಗೆಮನೆ ಇರಲಿಲ್ಲ.

“ಗೋಡಿ ದಪ್ಪ ಇರಬೇಕ್ರಿ,” ಎಂದೆ.

“ಹತ್ತ ಫೂಟ ದಪ್ಪ ಗೋಡಿ ಕಿಲ್ಲಾಕ್ಕ ಇರತೈತ್ರಿ. ನೀವೇನ ಕಿಲ್ಲಾದಾಗ ಇರ್ತೀರೇನು?”

ಫೌಜದಾರರು ನಕ್ಕರು. ನನಗೆ ಕಿವಿಯವರೆಗೆ ಬಿಸಿಯಾಯಿತು. ಮೂವತ್ತನಾಲ್ಕು ವರ್ಷದಲ್ಲಿ ಯಾವ ರೈತನೂ ಹಿಡಿಯದ ತಪ್ಪನ್ನು, ಪಿರಿಯಡ್ಡು ಕಳೆದುಕೊಳ್ಳುವುದರಲ್ಲೇ ಸರ್ವಿಸು ಮುಗಿಸಿದ ಒಬ್ಬ ಡ್ರಾಯಿಂಗ್ ಮಾಸ್ತರರು ಬೆರಳಿನ ಮೇಲೆ ಹಿಡಿದಿದ್ದರು. ಹತ್ತು ಫೂಟಿನಲ್ಲಿ ಏನಿದೆ ಎಂದು ಅವರು ಕೇಳಲಿಲ್ಲ. “ಮುಂದಿನ ಶನಿವಾರ ಅಷ್ಟ ಅಳತಿ ಮಾಡ್ಕೊಂಡು ಬರ್ರಿ. ನೆನಪಿನ ಮ್ಯಾಲೆ ಬ್ಯಾಡ. ಟೇಪ ಹಿಡದು,” ಎಂದರು. ಇದು ಚಿತ್ರದ ಕ್ಲಾಸೋ, ಭೂಮಾಪನ ಇಲಾಖೆಯೋ ಎಂದು ನಾನು ಜಗಳಕ್ಕೆ ನಿಂತೆ. ಅವರು ಹಾಳೆಯ ಕೆಳಗೆ ಬೆರಳಿಟ್ಟರು. “ಸಹಿ ಮಾಡೀರಲ್ರೀ.”

ಸಹಿ ಮಾಡಿದ ತಪ್ಪು ನಕಾಶೆಯನ್ನು ಮೋಜಣಿದಾರನಾದವನು ಹಾಗೇ ಬಿಡಲಾರ. ಅದನ್ನು ತಿಳಿದೇ ಅವರು ಹಾಗೆ ಹೇಳಿದರು. ನಾನು ಐದು ದಿನ ಖಾನಾವಳಿಗೆ ಹೋಗುತ್ತ ಬರುತ್ತ ಆ ಕೀಲಿಯನ್ನು ನೋಡಿದೆ. ಗುರುವಾರ ಟೇಪು ಹುಡುಕಿ ಹೊರಗಿಟ್ಟೆ. ಆಮೇಲೆ ನನಗೊಂದು ಒಳ್ಳೆಯ ನೆಪ ಹೊಳೆಯಿತು. ಟೇಪಿಗೆ ಎರಡು ತುದಿ. ಸರ್ವಿಸಿನಲ್ಲಿ ಇನ್ನೊಂದು ತುದಿಗೆ ಯಾವಾಗಲೂ ಒಬ್ಬ ಆಳು ಇರುತ್ತಿದ್ದ. ಮೊಳೆಗೆ ಸಿಕ್ಕಿಸಿಯೂ ಅಳೆಯಬಹುದು, ಆದರೆ ನಿಯಮ ನಿಯಮವೇ. ಮಾಸ್ತರರಿಗೆ ಫೋನ್ ಮಾಡಿ, ನೀವೇ ಬಂದು ತುದಿ ಹಿಡಿಯಿರಿ, ಇಲ್ಲದಿದ್ದರೆ ಅಳತೆ ಆಗುವುದಿಲ್ಲ ಎಂದೆ.

“ಬರತಿದ್ದೆ ಸಾಹೇಬ್ರ. ಮಂಡಿ ಹಿಡದೈತಿ. ಎರಡ ಹೆಜ್ಜಿ ಇಡಾಕ ಆಗವಲ್ದು. ಮಗಳಿಗೆ ಹೇಳ್ರಲ್ಲ,” ಎಂದರು.

ಈ ಮಂಡಿಯ ನಿಜ ಸಂಗತಿ ನನಗೆ ತಿಳಿದದ್ದು ಮೊನ್ನೆ. ಸಭೆ ಮುಗಿದ ಮೇಲೆ ಅವರ ಮನೆಯವರ ಹತ್ತಿರ ಹೋಗಿ, ಮಂಡಿನೋವಿನಿಂದ ಬಹಳ ತ್ರಾಸು ಪಟ್ಟರೇನೋ ಎಂದೆ. ಆ ತಾಯಿ ನನ್ನನ್ನು ವಿಚಿತ್ರವಾಗಿ ನೋಡಿದರು. “ಮಂಡಿನೋವು ಇವರಿಗೆಲ್ಲಿದ್ರಿ? ಹೋಗೂ ಹಿಂದಿನ ದಿನಾನೂ ನೃಪತುಂಗ ಬೆಟ್ಟ ಹತ್ತಿ ಇಳದು ಬಂದಿದ್ರಲ್ಲ.”

ನಾನು ಮಗಳಿಗೆ ಫೋನ್ ಮಾಡಿದೆ. “ಯವ್ವಾ, ಟೇಪಿನ ತುದಿ ಹಿಡ್ಯಾಕ ಒಬ್ಬರು ಬೇಕಾಗ್ಯಾರ,” ಎಂದೆ. ಯಾವ ಟೇಪು, ಎಲ್ಲಿಯ ಅಳತೆ ಎಂದು ಅವಳು ಕೇಳಲಿಲ್ಲ. “ನಾಳೆ ಬರ್ತೇನಿ,” ಎಂದಳು.

ಶುಕ್ರವಾರ ಮುಂಜಾನೆ ಬಂದಳು. ಹೊಟ್ಟೆ ಚೆನ್ನಾಗಿ ಕಾಣುತ್ತಿತ್ತು. ಕೀಲಿ ತುಕ್ಕು ಹಿಡಿದು ಬಿಗಿಯಾಗಿತ್ತು, ಎರಡು ಸಲ ತಿರುವಿದ ಮೇಲೆ ತೆರೆಯಿತು. ದಿನಕರ್ಮಕ್ಕೆ ಬಂದಿದ್ದ ಹೆಂಗಸರು ಪಾತ್ರೆಗಳನ್ನು ತೊಳೆದು ಬೋರಲು ಹಾಕಿ ಹೋಗಿದ್ದರು. ಅವುಗಳ ಮೇಲೆಲ್ಲ ಧೂಳು ಕೂತಿತ್ತು. ಹಿಟ್ಟಿನ ಡಬ್ಬಿಯಿಂದ ಮುಗ್ಗಲು ವಾಸನೆ. ಮಗಳು ಕಿಡಕಿ ತೆರೆದು, ಅದರ ಕೆಳಗೆ ಗೋಡೆಗೆ ಟೇಪಿನ ತುದಿ ಒತ್ತಿ ಹಿಡಿದು ಬಗ್ಗಿ ಕೂತಳು. ನಾನು ಟೇಪು ಬಿಚ್ಚುತ್ತ ಬಾಗಿಲ ಕಡೆಗೆ ಹಿಂದೆ ಸರಿದೆ. ಅದು ಒಲೆಯ ಕಟ್ಟೆಯ ಮುಂದಿನ ನೆಲದ ಮೇಲೆ ಹಾಸಿಕೊಂಡಿತು. ನನ್ನ ಹೆಂಡತಿ ಬಿದ್ದ ಜಾಗ ಅದೇ. ನಾನು ಅಂಕಿ ನೋಡಿದೆ, ಅಂಕಿ ಕಾಣಿಸಲಿಲ್ಲ.

ಆಗ, ಯಾರೂ ಕೇಳದೆ, ಒಂದು ವರ್ಷ ಯಾರಿಗೂ ಹೇಳದ್ದು ನನ್ನ ಬಾಯಿಂದ ಹೊರಗೆ ಬಂತು.

“ಅವತ್ತ ನಾ ಪಡಸಾಲ್ಯಾಗ ಪೇಪರ್ ಓದಕೋತ ಕುಂತಿದ್ದೆ. ಚಾ ಎಲ್ಲೈತಿ ಅಂತ ಕರದೆ. ಬರಲಿಲ್ಲ. ಮತ್ತ ಕರದೆ. ಮೂರನೇ ಸಲ ಸಿಟ್ಟ ಬಂತು. ಒಳಗ ಸತ್ತೀಯೇನು ಅಂತ ಒದರಿದೆ. ಒದರಿ ಮತ್ತ ಪೇಪರ್ ಓದಿದೆ. ಪೂರಾ ಓದಿ ಮುಗಿಸಿ ಆಮ್ಯಾಲೆ ಎದ್ದು ಬಂದೆ.”

ನಮ್ಮ ಕಡೆ ದಿನಕ್ಕೆ ಹತ್ತು ಸಲ ಆಡುವ ಮಾತು ಅದು. ಗಂಡ ಹೆಂಡತಿಗೆ ಅನ್ನುತ್ತಾನೆ, ಹೆಂಡತಿ ಗಂಡನಿಗೆ ಅನ್ನುತ್ತಾಳೆ, ಯಾರೂ ಅದನ್ನು ಮನಸ್ಸಿಗೆ ಹಚ್ಚಿಕೊಳ್ಳುವುದಿಲ್ಲ. ನಾನು ನಲವತ್ತು ವರ್ಷದಲ್ಲಿ ಸಾವಿರ ಸಲ ಅಂದಿರಬೇಕು. ಆದರೆ ಅವಳಿಗೆ ನಾನು ಆಡಿದ ಕೊನೆಯ ಮಾತು ಅದಾಯಿತು, ಅದು ಅವಳಿಗೆ ಕೇಳಿಸಿತೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ನಾನು ಬಾಗಿಲ ಹೊಸ್ತಿಲ ಮೇಲೆ ಕೂತು ಅತ್ತೆ. ಅರವತ್ತೆರಡು ವರ್ಷದವನು, ಕೈಯಲ್ಲಿ ಟೇಪು ಹಿಡಿದುಕೊಂಡು, ಜೋರಾಗಿ ಅತ್ತೆ.

ಮಗಳು ಆ ತುದಿಯನ್ನು ಬಿಡಲಿಲ್ಲ.

“ನನಗ ಗೊತ್ತೈತಿ ಅಪ್ಪಾ,” ಎಂದಳು.

“ಹೆಂಗ ಗೊತ್ತೈತಿ?”

“ಮಗ್ಗಲಮನಿ ಅಜ್ಜಿಗೆ ಕೇಳಿಸಿತ್ತು. ಮಣ್ಣು ಮಾಡಿ ಬಂದ ದಿನಾನ ನನಗ ಹೇಳಿದ್ಲು.”

ಅಂದರೆ ಇಷ್ಟು ದಿನವೂ ಮಗಳಿಗೆ ಗೊತ್ತಿತ್ತು. ಗೊತ್ತಿದ್ದೂ ಆ ನಾಲ್ಕು ಸಲ ಫೋನ್ ಮಾಡಿ, ಇದೇ ಮನೆಗೆ, ನನ್ನ ಹತ್ತಿರ, ಬಾಣಂತನಕ್ಕೆ ಬರುತ್ತೇನೆ ಎಂದಿದ್ದಳು. ನಾನು ಲಿಫ್ಟಿನ ಸೌಕರ್ಯ ಹೇಳಿದ್ದೆ.

“ಲಗೂ ಎಷ್ಟ ಬಂತು ನೋಡು,” ಎಂದಳು. “ನನಗ ಭಾಳೊತ್ತು ಬಗ್ಗಿ ಕುಂದರಾಕ ಆಗಂಗಿಲ್ಲ.”

ಮರುದಿನ ಆರನೆಯ ಶನಿವಾರ. ತಿದ್ದಿದ ನಕಾಶೆಯನ್ನು ಒಯ್ದು ಮಾಸ್ತರರ ಎದುರು ಬಿಚ್ಚಿದೆ. ಅವರು ಅದನ್ನು ನೋಡಲಿಲ್ಲ. ನಿನ್ನೆ ಏನಾಯಿತು ಎಂದೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಹೇಳಬೇಕಾಗಿತ್ತು, ಈಗ ಹೇಳಲು ಅವರಿಲ್ಲ. ಹಾಳೆಯನ್ನು ಮಡಚಿ ನನ್ನ ಕೈಗೇ ಕೊಟ್ಟು, ಕನ್ನಡಕ ಒರೆಸುತ್ತ ಒಂದೇ ಮಾತು ಕೇಳಿದರು.

“ಮಗಳನ್ನ ಎಂದ ಕರಕೊಂಡು ಬರ್ತೀರಿ?”

“ಬಂದಾಳ್ರಿ,” ಎಂದೆ. “ಅಡಿಗಿಮನ್ಯಾಗ ಅದಾಳ.”